ಬಾವಿಯ ಮಣ್ಣಿಗೆ ಸಾಣಿಗೆ ಹಿಡಿದಾಗ

ಕಳೆದ ತಿಂಗಳು ಬೀಳಗಿ ಕಡೆಯ ರೈತರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೋ ಕಳಿಸಿದ್ದರು. ಸೀಳಿದ ಸುಣ್ಣದ ಕಲ್ಲಿನ ಮೇಲೆ ಕಪ್ಪು ಗೆರೆಗಳು, ಮುಳ್ಳಿನ ಹಾಗೆ ಕವಲೊಡೆದಿದ್ದವು. "ಸರ್, ಇದು ಮೀನಿನ ಎಲುಬು ಹೌದಲ್ರೀ?" ಎಂದು ಕೇಳಿದ್ದರು.

ಅಲ್ಲ. ಅದು ಮ್ಯಾಂಗನೀಸ್. ಕಲ್ಲಿನ ಸಂದಿಯಲ್ಲಿ ನೀರು ಇಳಿದಾಗ ಅದರಲ್ಲಿ ಕರಗಿದ ಖನಿಜ ಹೀಗೆ ಗಿಡದಂತೆ ಹರಡಿ ಕೂರುತ್ತದೆ. ಡೆಂಡ್ರೈಟ್ ಅನ್ನುತ್ತೇವೆ. ನೋಡಲು ಬಹಳ ಚೆಂದ, ಆದರೆ ಜೀವಕ್ಕೂ ಅದಕ್ಕೂ ಸಂಬಂಧವಿಲ್ಲ. ಬಾಗಲಕೋಟೆ, ಲೋಕಾಪುರ ಸುತ್ತಲಿನ ಸುಣ್ಣದ ಕಲ್ಲು ಕಲಾದಗಿ ಗುಂಪು ಎಂಬ ಹಳೆಯ ಕಲ್ಲಿನ ಪದರಗಳದು. ಅದರ ವಯಸ್ಸು 100 ಕೋಟಿ ವರ್ಷಕ್ಕೂ ಜಾಸ್ತಿ. ಮೀನು ಹುಟ್ಟಿದ್ದು ಸುಮಾರು 50 ಕೋಟಿ ವರ್ಷಗಳ ಹಿಂದೆ. ಆ ಕಲ್ಲಿನಲ್ಲಿ ಸಿಗುವುದು ಕಣ್ಣಿಗೆ ಕಾಣದ ಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್, ಕೊಯ್ದ ಉಳ್ಳಾಗಡ್ಡಿಯ ಹಾಗೆ ಕಾಣುವಂಥದ್ದು.

ಹಾಗಾದರೆ ನಮ್ಮ ಭಾಗದಲ್ಲಿ ಹಳೆಯ ಕೆರೆಯ ಮೀನು, ಕಪ್ಪೆ, ಮೊಸಳೆಗಳ ಪಳೆಯುಳಿಕೆಗಳನ್ನು ಎಲ್ಲಿ ಹುಡುಕಬೇಕು? ಕರಿ ಕಲ್ಲಿನ ನಡುವೆ.

ವಿಜಯಪುರ ಜಿಲ್ಲೆಯ ಬಹುಪಾಲು ಮತ್ತು ಬೆಳಗಾವಿಯ ದೊಡ್ಡ ಭಾಗ ದಖನ್ ಲಾವಾದ ಮೇಲೆ ಕೂತಿವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಸೀಳಿ ಹರಿದ ಲಾವಾ ಅದು. ಗೋಲಗುಮ್ಮಟದ ಕರಿ ಕಲ್ಲು, ಹೊಲದ ಎರೆ ಮಣ್ಣು ಎರಡೂ ಅದರಿಂದಲೇ ಬಂದವು. ಆದರೆ ಲಾವಾ ಒಂದೇ ಸಲ ಹರಿದು ಮುಗಿಯಲಿಲ್ಲ. ಒಮ್ಮೆ ಹರಿದು ಆರಿದ ಮೇಲೆ ಸಾವಿರಾರು ವರ್ಷ ಸುಮ್ಮನಿರುತ್ತಿತ್ತು. ಆರಿದ ಲಾವಾ ಹಳ್ಳಗಳಿಗೆ ಅಡ್ಡ ಬಿದ್ದದ್ದರಿಂದ ಆ ಬಿಡುವಿನಲ್ಲಿ ನೀರು ನಿಂತಿತು, ಕೆರೆಯಾಯಿತು. ಪಾಚಿ ಬೆಳೆಯಿತು, ಬಸವನಹುಳು ಬಂತು, ಮೀನು ಬಂತು, ಮೀನು ತಿನ್ನುವ ಮೊಸಳೆಯೂ ಬಂತು. ಆಮೇಲೆ ಮತ್ತೊಂದು ಲಾವಾ ಬಂದು ಕೆರೆಯ ಕೆಸರನ್ನೆಲ್ಲ ಮುಚ್ಚಿತು.

ಈ ಕೆಸರಿನ ಪದರ ಕೆಲವೆಡೆ ಒಂದಾಳೆತ್ತರವೂ ಇರುವುದಿಲ್ಲ. ಮೇಲೆ ಕರಿ ಕಲ್ಲು, ಕೆಳಗೆ ಕರಿ ಕಲ್ಲು, ನಡುವೆ ಬಿಳಿಚಿದ ಅಥವಾ ಬೂದು ಬಣ್ಣದ ಮೆತ್ತನೆ ಕಲ್ಲು. ಗೋಕಾಕ್ ತಾಲ್ಲೂಕಿನ ಉಪ್ಪಾರಹಟ್ಟಿಯಲ್ಲಿ ಇಂಥ ಪದರ ಇದೆ. ಲಾವಾಗಳ ನಡುವೆ ಇಟ್ಟಿಗೆಯಂಥ ಕೆಂಪು ಪದರವೂ ಸಿಗುತ್ತದೆ. ಅದು ಹೆಚ್ಚಾಗಿ ಮೇಲ್ಮೈ ಸವೆದು ಆದ ಮಣ್ಣು. ನಾನು ಅದರಲ್ಲಿ ಹೊತ್ತು ಕಳೆಯುವುದಿಲ್ಲ.

ಎಲ್ಲರೂ ಕೇಳುವುದು ಇಡೀ ಮೀನನ್ನು. ಅದು ಅಪರೂಪ. ಮುಂಬೈಯ ವರ್ಲಿಯಲ್ಲಿ ಲಾವಾಗಳ ನಡುವಿನ ಕಪ್ಪು ಕೆಸರುಗಲ್ಲಿನಲ್ಲಿ ಪುಟ್ಟ ಕಪ್ಪೆಗಳ ಅಸ್ಥಿಪಂಜರಗಳೇ ಸಿಕ್ಕವು. ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವೆನ್ 1847ರಲ್ಲಿ ಅವುಗಳನ್ನು ವರ್ಣಿಸಿದರು. ಈಗ ಆ ಕಪ್ಪೆಯ ಹೆಸರು ಇಂಡೋಬ್ಯಾಟ್ರಕಸ್. ಆದರೆ ಹೆಚ್ಚಿನ ಕಡೆ ಪ್ರಾಣಿ ಸತ್ತ ಮೇಲೆ ಎಲುಬು ಚದುರಿ ಹೋಗಿರುತ್ತದೆ. ಉಳಿಯುವುದು ಗಟ್ಟಿಯಾದ ಚೂರುಗಳು. ಲೆಪಿಸೋಸ್ಟಿಯಸ್ ಎಂಬ ಮೀನಿನ ಹುರುಪೆ ವಜ್ರಾಕಾರ, ಹಲ್ಲಿನಂತೆ ಮಿಂಚುವ ಗಟ್ಟಿ ಲೇಪ ಅದಕ್ಕಿದೆ. ಆ ಜಾತಿಯ ಮೀನುಗಳು ಈಗ ಇರುವುದು ಅಮೆರಿಕದ ಕಡೆ ಮಾತ್ರ. ಮೊಸಳೆ ಜೀವನವಿಡೀ ಹಲ್ಲು ಉದುರಿಸುತ್ತದೆ, ಹಾಗಾಗಿ ಅದರ ಮೊನಚು ಹಲ್ಲು ಎಲುಬಿಗಿಂತ ಹೆಚ್ಚು ಸಿಗುತ್ತದೆ. ಕಪ್ಪೆಯನ್ನು ಸೊಂಟದ ಒಂದೇ ಎಲುಬಿನಿಂದ ಗುರುತಿಸಬಹುದು. ತೆಲಂಗಾಣದ ನಸ್ಕಲ್‌ನಲ್ಲಿ ಹೀಗೆ ಚೂರುಗಳನ್ನೇ ಆರಿಸಿ ಮೀನು, ಕಪ್ಪೆ, ಹಾವುಗಳನ್ನು ಗುರುತಿಸಿದ್ದಾರೆ. ಇಂಡೋಫಿಸ್ ಎಂಬ ಹಾವಿಗೆ 1992ರಲ್ಲಿ ಹೆಸರಿಟ್ಟದ್ದು ಅಲ್ಲಿನ ಬೆನ್ನೆಲುಬಿನ ಮಣಿಗಳನ್ನು ನೋಡಿಯೇ.

ಕೆಲಸ ಅಡುಗೆಮನೆಯದ್ದೇ. ಆ ಪದರದ ಮಣ್ಣನ್ನು ಚೆನ್ನಾಗಿ ಒಣಗಿಸುತ್ತೇವೆ, ಬಕೆಟ್ ನೀರಿನಲ್ಲಿ ನೆನೆ ಹಾಕುತ್ತೇವೆ. ಒಣಗಿದ ಜೇಡಿ ನೀರು ಕುಡಿದು ತಾನೇ ಕಳಚುತ್ತದೆ. ಆಮೇಲೆ ಸಣ್ಣ ಕಣ್ಣಿನ ಸಾಣಿಗೆಯಲ್ಲಿ ಮೆಲ್ಲಗೆ ತೊಳೆಯಬೇಕು. ಉಜ್ಜಬಾರದು, ಉಜ್ಜಿದರೆ ಹಲ್ಲಿನ ತುದಿ ಮುರಿಯುತ್ತದೆ. ಉಳಿದದ್ದನ್ನು ತಟ್ಟೆಯಲ್ಲಿ ಹರಡಿ, ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದಿಂದ ಒಂದೊಂದೇ ಚೂರು ಎತ್ತುವುದು. ಅಕ್ಕಿ ಆರಿಸುವ ತಾಳ್ಮೆ ಬೇಕು.

ನನ್ನನ್ನು ಕಾಡುವುದು ಬಾವಿಗಳು. ಬಾವಿ ತೋಡುವಾಗ ಈ ಪದರ ಒಂದೆರಡು ದಿನ ಹೊರಗೆ ಕಾಣುತ್ತದೆ. ಆಮೇಲೆ ಸಿಮೆಂಟ್ ರಿಂಗ್ ಇಳಿಸುತ್ತಾರೆ. ಮಣ್ಣು ರಸ್ತೆಯ ತಗ್ಗಿಗೆ ಹೋಗುತ್ತದೆ. ಬಾವಿ ನಿಲ್ಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ನೀರು ಬೇಕಲ್ಲ. ಒಂದು ಗೊಬ್ಬರದ ಚೀಲದಷ್ಟು ಬಿಳಿ ಮಣ್ಣು ತೆಗೆದಿಡಿ. ಎಷ್ಟು ಅಡಿ ಆಳದಲ್ಲಿ ಸಿಕ್ಕಿತು, ಮೇಲೆ ಕೆಳಗೆ ಯಾವ ಕಲ್ಲು ಇತ್ತು ಎಂದು ಚೀಟಿ ಬರೆದು ಒಳಗೆ ಹಾಕಿ. ಚೀಟಿ ಇಲ್ಲದ ಮಣ್ಣಿನಿಂದ ಹಲ್ಲು ಸಿಕ್ಕರೂ ಅದು ಯಾವ ಕೆರೆಯದು ಎಂದು ಹೇಳಲಾಗುವುದಿಲ್ಲ.

ಈ ಬೇಸಿಗೆಯಲ್ಲಿ ಗೋಕಾಕ್ ಕಡೆಯ ವಿದ್ಯಾರ್ಥಿನಿಯೊಬ್ಬಳು ಅವರ ಕಾಕಾನ ಬಾವಿಯಿಂದ ಅಂಥ ಒಂದು ಚೀಲ ತಂದಳು, ಚೀಟಿ ಸಮೇತ. ಮೊದಲ ತಟ್ಟೆಯಲ್ಲಿ ಬಸವನಹುಳದ ಚಿಪ್ಪು ಬಂತು. ತುದಿ ಮೇಲೆ ಮಾಡಿ ಹಿಡಿದರೆ ಬಾಯಿ ಎಡಕ್ಕೆ. ಹಾಗಿದ್ದರೆ ಅದು ಫೈಸಾ ಗುಂಪಿನದು, ಸಿಹಿನೀರಿನದು. ಅಲ್ಲಿಗೆ ಕೆರೆ ಇದ್ದದ್ದು ಖಾತ್ರಿಯಾಯಿತು. ಎರಡನೇ ತಟ್ಟೆಯಲ್ಲಿ ಬರೀ ಮರಳು. ಮೂರನೆಯದನ್ನು ಅವಳು ನಾಳೆ ಬೆಳಿಗ್ಗೆ ನೋಡುತ್ತಾಳೆ.