ಬೆಳಗ್ಗೆ ನುಂಗಿದ ಮಾತ್ರೆ, ಸಂಜೆ ಬಾಯಿಗೆ

ಮಗಳು ಕಾಗದದಲ್ಲಿ ಸುತ್ತಿ ತಂದಿದ್ದ ಮಾತ್ರೆಯನ್ನು ಮೇಜಿನ ಮೇಲಿಟ್ಟರು. "ಬೆಳಗ್ಗೆ ನುಂಗಿದ್ದು ಡಾಕ್ಟ್ರೇ. ಸಂಜೆ ಬಗ್ಗಿ ಚಪ್ಪಲಿ ಹಾಕ್ಕೊಳ್ಳುವಾಗ ಅಪ್ಪನ ಬಾಯಿಗೆ ಬಂತು." ಮೇಲಿನ ಬಣ್ಣ ಒಂಚೂರು ಹೋಗಿತ್ತು, ಅಷ್ಟೇ.

ಅಪ್ಪನಿಗೆ 78 ವರ್ಷ. ಒಂದು ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಆಗಿತ್ತು. ತೂಕ ಇಳಿದಿತ್ತು. ಊಟಕ್ಕೆ ಕೂತರೆ ಕೆಮ್ಮು. ಗ್ಯಾಸ್ಟ್ರಿಕ್ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದರು. ಉಳಿದದ್ದಕ್ಕೆಲ್ಲ "ವಯಸ್ಸಾಯ್ತಲ್ವಾ" ಅನ್ನೋ ಉತ್ತರ ಸಿಕ್ಕಿತ್ತು. ನನಗೆ ಈ ಉತ್ತರ ಕೇಳಿದರೆ ಸಿಟ್ಟು ಬರುತ್ತದೆ. ನುಂಗೋದು ಕಷ್ಟ ಅಂದರೆ ವಯಸ್ಸು ಎಷ್ಟೇ ಇರಲಿ, ಕಾರಣ ಹುಡುಕಲೇಬೇಕು. ಕ್ಯಾನ್ಸರ್ ಇಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಬೇಕು.

ನಾನು ಕೇಳಿದ್ದು ಒಂದೇ: "ವಾಪಸ್ ಬಂದ ಊಟ ಹುಳಿ ಇರುತ್ತಾ?"

"ಇಲ್ಲ. ತಿಂದ ಹಾಗೇ ಇರುತ್ತೆ."

ಹೊಟ್ಟೆಗೆ ಹೋಗಿ ಬಂದದ್ದು ಸಾಮಾನ್ಯವಾಗಿ ಹುಳಿ ಇಲ್ಲವೇ ಕಹಿ. ಗಂಟೆಗಟ್ಟಲೆ ಆದ ಮೇಲೂ ತಿಂದ ಹಾಗೇ ಬಂದರೆ ಅದು ಹೊಟ್ಟೆಯ ತನಕ ಹೋಗಿಯೇ ಇಲ್ಲ ಅನ್ನೋ ಅನುಮಾನ ಬರುತ್ತದೆ. ನೀರು ಕುಡಿಸಿ ಕತ್ತಿನ ಮೇಲೆ ಕೈಯಿಟ್ಟೆ. ಎಡಗಡೆ ಗುಳುಗುಳು ಅಂತು.

ಇದಕ್ಕೆ ಜೆಂಕರ್ ಚೀಲ ಅಂತ ಹೆಸರು. 1877ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದ ಜರ್ಮನ್ ವೈದ್ಯರ ಹೆಸರು ಹಾಗೇ ಉಳಿಯಿತು. ಅಪರೂಪದ ಕಾಯಿಲೆ, ಬರೋದು ಹೆಚ್ಚಾಗಿ 60 ದಾಟಿದವರಿಗೆ. ಗಂಟಲು ಮುಗಿದು ಅನ್ನನಾಳ ಶುರುವಾಗುವಲ್ಲಿ ಬಳೆಯಂಥ ಒಂದು ಸ್ನಾಯು ಇದೆ. ಸದಾ ಮುಚ್ಚಿರುತ್ತದೆ, ತುತ್ತು ಬಂದಾಗ ಮಾತ್ರ ಒಂದು ಕ್ಷಣ ತೆರೆಯುತ್ತದೆ. ಅದು ಬಿಗಿಯಾಗಿ ಪೂರ್ತಿ ತೆರೆಯದೇ ಹೋದರೆ, ಪ್ರತಿ ತುತ್ತಿಗೂ ಅದರ ಮೇಲ್ಭಾಗದಲ್ಲಿ ಒತ್ತಡ ಬೀಳುತ್ತದೆ. ಅಲ್ಲೇ ಹಿಂಬದಿ ಗೋಡೆ ಹುಟ್ಟಿನಿಂದಲೇ ಸ್ವಲ್ಪ ದುರ್ಬಲ. ಒಳಪದರ ಅಲ್ಲಿಂದ ಹೊರಗೆ ಉಬ್ಬಿ ಚೀಲವಾಗುತ್ತದೆ. ಅನ್ನ, ನೀರು, ಮಾತ್ರೆ ಎಲ್ಲ ಅದರೊಳಗೆ. ಬಾಯಿ ವಾಸನೆ ಬರುವುದೂ ಇದರಿಂದಲೇ. ರಾತ್ರಿ ಮಲಗಿದಾಗ ಚೀಲದಲ್ಲಿ ಉಳಿದದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ.

ಇಂಥ ಅನುಮಾನ ಇದ್ದಾಗ ನಾನು ಮೊದಲು ಬೇರಿಯಂ (ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುವ ದ್ರವ) ಕುಡಿಸಿ ಎಕ್ಸ್-ರೇ ನೋಡುತ್ತೇನೆ. ಚೀಲ ಇರೋದು ಗೊತ್ತಿಲ್ಲದೆ ಎಂಡೋಸ್ಕೋಪಿಯ ಕ್ಯಾಮೆರಾ ಟ್ಯೂಬ್ ತಳ್ಳಿದರೆ ಅದು ನೇರ ಚೀಲಕ್ಕೇ ನುಗ್ಗಬಹುದು. ಗೋಡೆ ತೆಳು, ತೂತು ಬಿದ್ದರೆ ಕಷ್ಟ. ಇವರ ಎಕ್ಸ್-ರೇಯಲ್ಲಿ ಅನ್ನನಾಳದ ಹಿಂದೆ ಬಿಳಿ ಚೀಲವೊಂದು ಸ್ಪಷ್ಟವಾಗಿ ನೇತಾಡುತ್ತಿತ್ತು.

ಚೀಲ ಚಿಕ್ಕದಿದ್ದು ತೊಂದರೆ ಕೊಡದಿದ್ದರೆ ಸುಮ್ನೆ ಬಿಡುತ್ತೇವೆ. ಔಷಧಿಯಿಂದ ಇದು ಹೋಗುವುದಿಲ್ಲ. ನಿಜವಾದ ತಕರಾರು ಚೀಲದ್ದಲ್ಲ, ಸ್ನಾಯುವಿನದು. ಹಾಗಾಗಿ ಬಾಯಿಂದಲೇ ಎಂಡೋಸ್ಕೋಪ್ ಇಳಿಸಿ, ಚೀಲಕ್ಕೂ ಅನ್ನನಾಳಕ್ಕೂ ನಡುವಿನ ಅಡ್ಡಗೋಡೆಯನ್ನು, ಅದರೊಳಗಿನ ಸ್ನಾಯು ಸಮೇತ, ಕತ್ತರಿಸುತ್ತೇವೆ. ಎರಡೂ ಒಂದೇ ದಾರಿಯಾಗುತ್ತವೆ. ಕತ್ತು ಕೊಯ್ದು ಮಾಡುವ ಆಪರೇಷನ್ ಕೂಡ ಇದೆ, ಕೆಲವರಿಗೆ ಅದೇ ಸರಿ. ರಕ್ತಸ್ರಾವ, ತೂತು, ಕೆಲವು ವರ್ಷಗಳ ನಂತರ ಮತ್ತೆ ಬರುವುದು, ಇವೆಲ್ಲದರ ಸಾಧ್ಯತೆಯನ್ನೂ ಮೊದಲೇ ಹೇಳಿದೆ. "ಈ ವಯಸ್ಸಲ್ಲಿ ಬೇಕಾ?" ಅಂದರು ಮಗಳು. ಮೂರನೇ ನ್ಯುಮೋನಿಯಾ ಇನ್ನೂ ಜಾಸ್ತಿ ಅಪಾಯ ಅಂದೆ.

ಒಪ್ಪಿದರು, ಬಾಯಿಂದಲೇ ಮಾಡಿದೆವು, ಎಲ್ಲ ಸರಿಹೋಯಿತು. ಆದರೆ ಹತ್ತು ದಿನಕ್ಕೆ ಅಪ್ಪ ತಲೆಸುತ್ತು ಅಂತ ಬಂದರು. ಬಿಪಿ ತೀರಾ ಕಡಿಮೆ. ಮೊದಲು ಬಿಪಿ ಹಿಡಿತಕ್ಕೆ ಬರುತ್ತಿಲ್ಲ ಅಂತ ಎರಡು ಸಲ ಬಿಪಿ ಮಾತ್ರೆಯ ಡೋಸ್ ಹೆಚ್ಚಿಸಿದ್ದರಂತೆ. ಈಗ ಮಾತ್ರೆಗಳೆಲ್ಲ ಮೊದಲ ಸಲ ಸರಿಯಾಗಿ ಹೊಟ್ಟೆಗೆ ಹೋಗುತ್ತಿದ್ದವು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಅವತ್ತೇ ಡೋಸ್ ಅರ್ಧಕ್ಕೆ ಇಳಿಸಿದೆ.