ಸಿಟ್ರೇಟ್ ಸಿಂಥೇಸ್ ಲೆಕ್ಕ: ನನ್ನ 0.5 ಯಾಕೆ 0.3 ಆಯಿತು?

ಸ್ನಾಯುವಿನಲ್ಲಿ ಮೈಟೊಕಾಂಡ್ರಿಯ ಎಷ್ಟಿದೆ ಎಂದು ಕಣ್ಣಾರೆ ನೋಡಬೇಕಾದರೆ ಎಲೆಕ್ಟ್ರಾನ್ ಮೈಕ್ರೊಸ್ಕೋಪ್ ಚಿತ್ರದ ಮೇಲೆ ಚುಕ್ಕಿಗಳ ಜಾಲರಿ ಇಟ್ಟು ಎಣಿಸಬೇಕು. 100 ಚುಕ್ಕಿಗಳಲ್ಲಿ 5 ಮೈಟೊಕಾಂಡ್ರಿಯದ ಮೇಲೆ ಬಿದ್ದರೆ ಅದರ ಪಾಲು 5%. ಮನುಷ್ಯರ ತೊಡೆ ಸ್ನಾಯುವಿನಲ್ಲಿ ಹೆಚ್ಚುಕಡಿಮೆ ಇಷ್ಟೇ. ಹೃದಯದಲ್ಲಿ ಸುಮಾರು ಕಾಲು ಭಾಗ! ನಂಬಬಹುದಾದ ದಾರಿ, ಆದರೆ ತುಂಬಾ ನಿಧಾನ.

ಅದಕ್ಕೇ ಎಲ್ಲರೂ ಸಿಟ್ರೇಟ್ ಸಿಂಥೇಸ್ ಕಿಣ್ವದ ಮೊರೆ ಹೋಗುತ್ತಾರೆ. ಅದು ಇರುವುದು ಮೈಟೊಕಾಂಡ್ರಿಯದ ಒಳಗೆ, ಹಾಗಾಗಿ ಅದು ಎಷ್ಟು ವೇಗವಾಗಿ ಕೆಲಸ ಮಾಡುತ್ತದೆ ಎಂದು ನೋಡಿದರೆ ಮೈಟೊಕಾಂಡ್ರಿಯ ಎಷ್ಟಿದೆ ಎಂದು ಅಂದಾಜಿಸಬಹುದು. ಅಸಿಟೈಲ್ ಕೋಎ ಮತ್ತು ಆಕ್ಸಲೋಅಸಿಟೇಟ್ ಎಂಬ ಎರಡು ವಸ್ತುಗಳನ್ನು ಅದು ಕೂಡಿಸಿದಾಗ ಕೋಎ ಬಿಡುಗಡೆಯಾಗುತ್ತದೆ. ಈ ಕೋಎ ನಾವು ಹಾಕಿದ ಡಿಟಿಎನ್‌ಬಿ ಎಂಬ ರಾಸಾಯನಿಕದ ಜೊತೆ ಸೇರಿದರೆ ಹಳದಿ ಬಣ್ಣ. 412 ನ್ಯಾನೋಮೀಟರಿನಲ್ಲಿ ಆ ಹಳದಿ ನಿಮಿಷಕ್ಕೆ ಎಷ್ಟು ಏರುತ್ತದೆ ಎಂದು ನೋಡುವುದು, ಅಷ್ಟೇ. ಆಕ್ಸಲೋಅಸಿಟೇಟ್ ಹಾಕುವ ಮೊದಲೇ ಸ್ವಲ್ಪ ಏರಿಕೆ ಇರುತ್ತದೆ, ಅದನ್ನು ಕಳೆಯಿರಿ.

ನಾನು ಎರಡು ದಿನ ಒದ್ದಾಡಿದ್ದು ಇದರ ನಂತರದ ಲೆಕ್ಕದಲ್ಲಿ. ಪುಸ್ತಕದಲ್ಲಿ ಏರಿಕೆಯನ್ನು 13.6ರಿಂದ ಭಾಗಿಸಿ ಎಂದಿರುತ್ತದೆ. ಈ 13.6 ಅಂದರೆ ಪ್ರತಿ ಮಿಲಿಲೀಟರಿನಲ್ಲಿ 1 ಮೈಕ್ರೋಮೋಲ್ ಹಳದಿ ವಸ್ತು ಇದ್ದು, ಬೆಳಕು 1 ಸೆಂ.ಮೀ. ದ್ರವ ದಾಟಿದಾಗ ಎಷ್ಟು ಹೀರಿಕೆಯಾಗುತ್ತದೆ ಎಂಬ ಸಂಖ್ಯೆ. 1 ಸೆಂ.ಮೀ. ಅಗಲದ ಅಳತೆ ಪಾತ್ರೆಯಾದ ಕ್ಯುವೆಟ್‌ನಲ್ಲಿ ಸರಿ. ನಾನು ಬಳಸಿದ್ದು 96 ಗುಳಿಗಳ ಪ್ಲೇಟ್! ಅಲ್ಲಿ ಬೆಳಕು ಮೇಲಿಂದ ಕೆಳಗೆ ಹೋಗುತ್ತದೆ. ಅಂದರೆ ದ್ರವ ಎಷ್ಟು ಎತ್ತರಕ್ಕೆ ನಿಂತಿದೆಯೋ ಅಷ್ಟೇ ದೂರ. ನಮ್ಮ ಪ್ಲೇಟಿನಲ್ಲಿ 200 ಮೈಕ್ರೋಲೀಟರ್‌ಗೆ ಅದು 0.6 ಸೆಂ.ಮೀ. ಬಂತು.

ಏರಿಕೆ ನಿಮಿಷಕ್ಕೆ 0.0816 ಅಂದುಕೊಳ್ಳಿ. 13.6 × 0.6 = 8.16. ಭಾಗಿಸಿದರೆ 0.01, ಅಂದರೆ ಪ್ರತಿ ಮಿಲಿಲೀಟರಿಗೆ ಅಷ್ಟು ಮೈಕ್ರೋಮೋಲ್. ಗುಳಿಯಲ್ಲಿರುವುದು 0.2 ಮಿ.ಲೀ., ಹಾಗಾಗಿ 0.002. ಹಾಕಿದ ಪ್ರೋಟೀನ್ 4 ಮೈಕ್ರೋಗ್ರಾಂ, ಅಂದರೆ 0.004 ಮಿ.ಗ್ರಾಂ. ಉತ್ತರ: ನಿಮಿಷಕ್ಕೆ, ಮಿಲಿಗ್ರಾಂ ಪ್ರೋಟೀನಿಗೆ 0.5 ಮೈಕ್ರೋಮೋಲ್. 0.6 ಮರೆತರೆ 0.3. ನನಗೆ ಬಂದಿದ್ದು ಅದೇ! ಸುಮ್ನೆ ಮಾದರಿಯನ್ನು ಬೈದುಕೊಂಡಿದ್ದೆ.

ಮೈಟೊಕಾಂಡ್ರಿಯದ ಡಿಎನ್‌ಎ ಎಣಿಸಿದರೆ ಸುಲಭ ಅಲ್ವಾ ಅಂತ ನನಗೂ ಅನಿಸಿತ್ತು. ಆದರೆ 2012ರಲ್ಲಿ ಕೋಪನ್‌ಹೇಗನ್ ತಂಡ ಆರೋಗ್ಯವಂತ ಯುವಕರ ಸ್ನಾಯುವಿನಲ್ಲಿ ಮೈಕ್ರೊಸ್ಕೋಪಿನ ಎಣಿಕೆಗೆ ಹೋಲಿಸಿದಾಗ ಡಿಎನ್‌ಎ ಅಷ್ಟಾಗಿ ತಾಳೆಯಾಗಲಿಲ್ಲ. ಕಾರ್ಡಿಯೊಲಿಪಿನ್ (ಮೈಟೊಕಾಂಡ್ರಿಯದ ಒಳಪೊರೆಯ ಕೊಬ್ಬು) ಮತ್ತು ಸಿಟ್ರೇಟ್ ಸಿಂಥೇಸ್ ಚೆನ್ನಾಗಿ ತಾಳೆಯಾದವು.

ಹೃದಯದ ಮಾದರಿಯಲ್ಲಿ ಕಿಣ್ವ ಹೆಚ್ಚು, ಅದನ್ನು ಮಾತ್ರ ಇನ್ನೂ ಜಾಸ್ತಿ ತೆಳುವಾಗಿಸಿ. ಇಲ್ಲದಿದ್ದರೆ ನೀವು ಪ್ಲೇಟ್ ಒಳಗಿಡುವಷ್ಟರಲ್ಲಿ ಹಳದಿಯ ಏರಿಕೆ ತೋರಿಸುವ ಗೆರೆಯ ನೇರ ಭಾಗವೇ ಮುಗಿದಿರುತ್ತದೆ.