ಒಂಟಿ ಪಂಜರ, ಊರಿಗೆ ಮರಳಿದ ಸೈನಿಕ

"ಒಂದು ಮದುವೆ ಮಾಡಿಬಿಡಿ, ಕುಡಿತ ತಾನಾಗೇ ಬಿಡ್ತಾನೆ." ಈ ಮಾತು ಕೇಳದ ಊರು ನಮ್ಮಲ್ಲಿ ಇಲ್ಲವೇನೋ. ಅದನ್ನು ನಂಬಿ ಹೆಣ್ಣು ಕೊಟ್ಟವರು, ಆ ಮನೆಗೆ ಹೋಗಿ ಪಾಡು ಪಟ್ಟವರು ನಮ್ಮ ನಡುವೆಯೇ ಇದ್ದಾರೆ. ಮದುವೆಯಾದ ಮೇಲೂ ಬಿಡದಿದ್ದರೆ ಇನ್ನೊಂದು ಮಾತು ಸಿದ್ಧ ಇರುತ್ತದೆ: "ಅವನಿಗೆ ಮನಸ್ಸು ಗಟ್ಟಿ ಇಲ್ಲ." ಹಾಗಾದರೆ ಚಟ ಇರುವುದು ಎಲ್ಲಿ? ಬಾಟಲಿಯಲ್ಲಾ, ತಲೆಯೊಳಗಾ, ಸುತ್ತಲಿನ ಬದುಕಿನಲ್ಲಾ? ವಿಜ್ಞಾನಿಗಳು ಈ ಪ್ರಶ್ನೆಯ ಹಿಂದೆ ಬಿದ್ದು ಬಹಳ ಕಾಲವಾಯಿತು. ಅವರ ಉತ್ತರವೂ ಹಲವು ಸಲ ಬದಲಾಗಿದೆ.

1971ರಲ್ಲಿ ಅಮೆರಿಕಕ್ಕೆ ದೊಡ್ಡ ಗಾಬರಿಯೊಂದು ಹಿಡಿಯಿತು. ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ ಸೈನಿಕರಲ್ಲಿ ನೂರಕ್ಕೆ ಹತ್ತು ಹದಿನೈದು ಮಂದಿ ಹೆರಾಯಿನ್‌ಗೆ ಬಿದ್ದಿದ್ದಾರೆ ಎಂದು ಇಬ್ಬರು ಸಂಸದರು ವರದಿ ಕೊಟ್ಟರು. ಅಲ್ಲಿ ಹೆರಾಯಿನ್ ಅಗ್ಗವಾಗಿ ಸಿಗುತ್ತಿತ್ತು, ಕಲಬೆರಕೆ ಇಲ್ಲದಷ್ಟು ಶುದ್ಧವೂ ಆಗಿತ್ತು. ಇವರೆಲ್ಲ ಊರಿಗೆ ಮರಳಿದರೆ ಗತಿ ಏನು? ಹೆರಾಯಿನ್ ಒಮ್ಮೆ ಹಿಡಿದರೆ ಬಿಡುವುದೇ ಇಲ್ಲ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಸುಮ್ನೆ ನಂಬಿದ್ದಲ್ಲ. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿದ್ದ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಹೋದವರಲ್ಲಿ ಬಹುಪಾಲು ಜನ ಮತ್ತೆ ಅದೇ ದಾರಿ ಹಿಡಿಯುತ್ತಿದ್ದರು.

ಅಧ್ಯಕ್ಷ ನಿಕ್ಸನ್ ಒಂದು ನಿಯಮ ತಂದರು. ಮೂತ್ರ ಪರೀಕ್ಷೆಯಲ್ಲಿ ಪಾಸಾಗದ ಸೈನಿಕ ವಿಮಾನ ಹತ್ತುವ ಹಾಗಿಲ್ಲ. ಊರಿಗೆ ಮರಳಿದವರು ಮುಂದೆ ಏನಾಗುತ್ತಾರೆ ಎಂದು ನೋಡುವ ಕೆಲಸ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲೀ ರಾಬಿನ್ಸ್ ಅವರ ಪಾಲಿಗೆ ಬಂತು. 1971ರ ಸೆಪ್ಟೆಂಬರ್‌ನಲ್ಲಿ ಮರಳಿದ ಸುಮಾರು 900 ಜನರನ್ನು ಅವರ ತಂಡ ಹುಡುಕಿ ಮಾತಾಡಿಸಿತು. ಬರೀ ಬಾಯಿಮಾತು ನಂಬದೆ ಮೂತ್ರವನ್ನೂ ಪರೀಕ್ಷಿಸಿತು. ವಿಯೆಟ್ನಾಂನಲ್ಲಿದ್ದಾಗ ಸುಮಾರು ಐವರಲ್ಲಿ ಒಬ್ಬರು ಚಟಕ್ಕೆ ಬಿದ್ದಿದ್ದು ನಿಜ. ಆದರೆ ಹಾಗೆ ಬಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಸಿಕ್ಕಿದವರು ಶೇ 5ರಷ್ಟು ಮಾತ್ರ. ಮೂರು ವರ್ಷದ ಲೆಕ್ಕ ಹಿಡಿದರೂ ಶೇ 12. ಚಟ ಬಿಟ್ಟವರಲ್ಲಿ ಹೆಚ್ಚಿನವರು ಚಿಕಿತ್ಸೆಯನ್ನೇ ಪಡೆದಿರಲಿಲ್ಲ!

ಈ ಲೆಕ್ಕವನ್ನು ಒಪ್ಪಿಕೊಳ್ಳುವುದು ಬಹಳ ಜನರಿಗೆ ಕಷ್ಟವಾಯಿತು. ನನಗಂತೂ ಈ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಒಂದೇ. ಹೆರಾಯಿನ್ ಅದೇ, ಮೈಯೂ ಅದೇ, ಬದಲಾಗಿದ್ದು ಜಾಗ. ಭಯ, ಬೇಸರ, ಸಾವು ತುಂಬಿದ ಕಾಡಿನಿಂದ ಅಪ್ಪ ಅಮ್ಮ, ಕೆಲಸ, ಗೆಳೆಯರು ಇರುವ ಊರಿಗೆ ಅವರು ಬಂದಿದ್ದರು.

ಹೆಚ್ಚು ಕಡಿಮೆ ಅದೇ ದಶಕದಲ್ಲಿ ಕೆನಡಾದ ಬ್ರೂಸ್ ಅಲೆಕ್ಸಾಂಡರ್ ಎಂಬ ಮನೋವಿಜ್ಞಾನಿಗೆ ಪ್ರಯೋಗಾಲಯದ ಇಲಿಗಳ ಬಗ್ಗೆ ಒಂದು ಅನುಮಾನ ಬಂತು. ಅಮಲಿನ ಪ್ರಯೋಗಗಳಲ್ಲಿ ಇಲಿಯನ್ನು ಸಾಮಾನ್ಯವಾಗಿ ಒಂಟಿಯಾಗಿ ಕೂಡಿ ಹಾಕುತ್ತಿದ್ದರು. ಮಾಡಲು ಬೇರೆ ಏನೂ ಇಲ್ಲದ ಪ್ರಾಣಿ ಅಮಲಿನ ಕಡೆ ಹೋಗದೆ ಇನ್ನೇನು ಮಾಡುತ್ತದೆ, ಅಲ್ವಾ? ಅವರು ಮಾಮೂಲಿ ಪಂಜರಕ್ಕಿಂತ ಸುಮಾರು 200 ಪಟ್ಟು ದೊಡ್ಡ ಜಾಗ ಕಟ್ಟಿ, ಗಂಡು ಹೆಣ್ಣು ಇಲಿಗಳನ್ನು ಒಟ್ಟಿಗೆ ಬಿಟ್ಟರು. ಅಲ್ಲಿನ ಇಲಿಗಳು ಮಾರ್ಫಿನ್ ಬೆರೆಸಿದ ಸಿಹಿನೀರನ್ನು ಒಂಟಿ ಇಲಿಗಳಿಗಿಂತ ಬಹಳ ಕಡಿಮೆ ಕುಡಿದವು. ಆದರೆ ಮುಂದೆ ಬೇರೆಯವರು ಇದೇ ಪ್ರಯೋಗ ಮಾಡಿದಾಗ ಪ್ರತಿ ಸಲ ಅದೇ ಫಲ ಸಿಗಲಿಲ್ಲ. ಇದನ್ನು ಬಿಟ್ಟು ಕಥೆ ಹೇಳುವವರೇ ಜಾಸ್ತಿ. ಅದು ಸರಿಯಲ್ಲ.

1990ರ ದಶಕದಲ್ಲಿ ಗಾಳಿ ಬೇರೆ ಕಡೆ ಬೀಸಿತು. ಜೀವಂತ ಮಿದುಳಿನ ಚಿತ್ರ ತೆಗೆಯುವ ಯಂತ್ರಗಳು ಬಂದಿದ್ದವು. ಕೊಕೇನ್ ಚಟ ಇರುವವರ ಮಿದುಳಿನಲ್ಲಿ ಡೋಪಮೈನ್ ಎಂಬ, ಖುಷಿ ಮತ್ತು ಹಂಬಲದ ಜೊತೆ ನಂಟಿರುವ ರಾಸಾಯನಿಕವನ್ನು ಹಿಡಿಯುವ ಒಂದು ಬಗೆಯ ಗ್ರಾಹಕಗಳು ಕಡಿಮೆ ಇರುವುದನ್ನು ನೋರಾ ವೋಲ್ಕೋ ಮತ್ತು ಜೊತೆಗಾರರು ತೋರಿಸಿದರು. ಚಟ ಎಂಬುದು ಮಿದುಳಿನ ಕಾಯಿಲೆ ಎಂದು 1997ರಲ್ಲಿ ಅಲನ್ ಲೆಶ್ನರ್ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಇದರಿಂದ ಒಳ್ಳೆಯದೂ ಆಯಿತು. ಕುಡಿಯುವವನನ್ನು ಬೈಯುವ ಬದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು ಎಂಬ ಮಾತಿಗೆ ಬಲ ಬಂತು. ಆದರೆ ಊರು, ಮನೆ, ಜೊತೆಗಾರರ ಮಾತು ಹಿಂದೆ ಸರಿಯಿತು.

ಆ ಮಾತು 2018ರಲ್ಲಿ ಮತ್ತೆ ಬಂದಿದ್ದು ಮಿದುಳಿನ ವಿಜ್ಞಾನಿಗಳ ಕೈಯಿಂದಲೇ. ಬಾಲ್ಟಿಮೋರ್‌ನ ಪ್ರಯೋಗಾಲಯದಲ್ಲಿ ಮಾರ್ಕೋ ವೆನಿರೋ ಮತ್ತು ಯಾವಿನ್ ಶಹಮ್ ತಂಡ ಇಲಿಯ ಮುಂದೆ ಎರಡು ಸನ್ನೆಗೋಲು ಇಟ್ಟಿತು. ಒಂದನ್ನು ಒತ್ತಿದರೆ ಮೆಥಾಂಫೆಟಮೈನ್ ಎಂಬ ಅಮಲು ಪದಾರ್ಥ. ಇನ್ನೊಂದನ್ನು ಒತ್ತಿದರೆ ಬಾಗಿಲು ತೆರೆದು ಪಕ್ಕದ ಇಲಿಯ ಜೊತೆ ಸ್ವಲ್ಪ ಹೊತ್ತು ಆಟ. ಆಗಲೇ ಚಟಕ್ಕೆ ಬಿದ್ದಿದ್ದ ಇಲಿಗಳೂ ಹೆಚ್ಚಾಗಿ ಬಾಗಿಲನ್ನೇ ಆರಿಸಿಕೊಂಡವು. ಆದರೆ ಬಾಗಿಲು ತಡವಾಗಿ ತೆರೆದರೆ, ಅಥವಾ ಅದರ ಜೊತೆ ಕರೆಂಟ್ ಶಾಕ್ ಕೊಟ್ಟರೆ, ಅವು ಮತ್ತೆ ಅಮಲಿನ ಕಡೆ ತಿರುಗಿದವು. ಇದನ್ನು ಓದುವಾಗ ಚಟ ಬಿಡಲು ಹೊರಟವನನ್ನು ನಾವು ಮನೆಯಲ್ಲಿ, ಬೀದಿಯಲ್ಲಿ ಹೇಗೆ ಮಾತಾಡಿಸುತ್ತೇವೆ ಎಂಬುದು ನೆನಪಾಗಿ ಸಂಕಟವಾಯಿತು.

ಹಾಗಂತ ಔಷಧಿ ಬೇಡ ಎಂದಲ್ಲ. ಕುಡಿತದ ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳು ಎಷ್ಟೋ ಜನರಿಗೆ ನೆರವಾಗಿವೆ. ಸಕ್ಕರೆ ಕಾಯಿಲೆಗೆ ಕೊಡುವ ಸೆಮಾಗ್ಲುಟೈಡ್ ಚುಚ್ಚುಮದ್ದನ್ನು ಅಮೆರಿಕದಲ್ಲಿ 48 ಜನರ ಮೇಲೆ ಒಂಬತ್ತು ವಾರ ಪರೀಕ್ಷಿಸಿದ ವರದಿ 2025ರಲ್ಲಿ ಬಂತು. ಕುಡಿಯಬೇಕೆಂಬ ಹಂಬಲ ಇಳಿಯಿತು, ಕೂತಾಗ ಕುಡಿಯುವ ಪ್ರಮಾಣವೂ ಇಳಿಯಿತು. ಕುಡಿಯುವ ದಿನಗಳು ಮಾತ್ರ ಅಷ್ಟಾಗಿ ಕಡಿಮೆಯಾಗಲಿಲ್ಲ. ಸಣ್ಣ ಪರೀಕ್ಷೆ, ಆದರೂ ಭರವಸೆ ಹುಟ್ಟಿಸುವಂಥದ್ದು.

ನಮ್ಮ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರ ಮನೆಯವರು ದೇವರಿಗೆ ಹರಕೆ ಹೊರುತ್ತಾರೆ, ಆಣೆ ಮಾಡಿಸುತ್ತಾರೆ, ಕೋಣೆಯಲ್ಲಿ ಕೂಡಿ ಹಾಕುತ್ತಾರೆ. ಕೊನೆಯದಂತೂ ಅಪಾಯ. ವರ್ಷಗಟ್ಟಲೆ ಜಾಸ್ತಿ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಕೈ ನಡುಕದಿಂದ ಶುರುವಾಗಿ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಆ ಮೊದಲ ಕೆಲವು ದಿನ ಡಾಕ್ಟರ ಕಣ್ಣಳತೆಯಲ್ಲೇ ಇರಬೇಕು. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ 14446ಕ್ಕೆ ಫೋನ್ ಮಾಡಿ, ಕೇಂದ್ರ ಸರ್ಕಾರದ ಸಹಾಯವಾಣಿ ಅದು. ಕರೆಗೆ ದುಡ್ಡಿಲ್ಲ.